ಕೆರೆ ಹೂಳಿನ ಲೆಕ್ಕ: ಕಂಪ್ಯೂಟರಿನೊಳಗಿನ ನೆಲದ ಪದರಗಳು

ಗುಂಡ್ಲುಪೇಟೆ ಮಳೆ ನೆರಳಿನ ತಾಲ್ಲೂಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ಬರುವ ಗುಂಡ್ಲು ಹೊಳೆ ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆಯಾದರೂ ವರ್ಷದ ಬಹುಭಾಗ ಅದರಲ್ಲಿ ನೀರಿರುವುದಿಲ್ಲ. ಹಂಗಳ, ಬೇಗೂರು, ತೆರಕಣಾಂಬಿ, ಕಸಬಾ – ಯಾವ ಹೋಬಳಿಗೆ ಹೋದರೂ ರೈತರು ನಂಬಿರುವುದು ಕೆರೆಯನ್ನು ಮತ್ತು ಕೆರೆಯಿಂದ ಮರುಪೂರಣಗೊಳ್ಳುವ ಕೊಳವೆ ಬಾವಿಯನ್ನು. ಕಬಿನಿಯಿಂದ ನೀರೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಕೆರೆಯ ಹೊಟ್ಟೆ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಇನ್ನೂ ಹೆಚ್ಚಿನ ಬೆಲೆ ಬಂದಿದೆ. ಹೂಳು ತುಂಬಿದ ಕೆರೆಗೆ ಎಷ್ಟು ನೀರು ಹರಿಸಿದರೂ ಅದು ಬೇಗ ಕೋಡಿ ಬೀಳುತ್ತದೆ.

ಆದ್ದರಿಂದ ಬೇಸಿಗೆಯಲ್ಲಿ ಹೂಳೆತ್ತುವ ಕೆಲಸ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಕಡತದಲ್ಲಿ ಒಂದು ಸಂಖ್ಯೆ ಉಳಿಯುತ್ತದೆ: ಇಂತಿಷ್ಟು ಸಾವಿರ ಘನ ಮೀಟರ್ ಹೂಳು ತೆಗೆಯಲಾಗಿದೆ. ಹಣ ಪಾವತಿಯಾಗುವುದು ಈ ಸಂಖ್ಯೆಯ ಮೇಲೆ. ಕೆರೆಗೆ ಎಷ್ಟು ಹೆಚ್ಚು ನೀರು ಹಿಡಿಯುತ್ತದೆಂದು ಊರಿನವರು ಎಣಿಸುವುದೂ ಇದರ ಮೇಲೆಯೇ. ಆದರೆ ತೆಗೆದ ಗೋಡು ಆಗಲೇ ಹೊಲಗಳಿಗೆ ಹೋಗಿ ಹರಡಿಕೊಂಡಿರುತ್ತದೆ. ಅದನ್ನು ಮತ್ತೆ ಒಂದೆಡೆ ಗುಡ್ಡೆ ಹಾಕಿ ಅಳೆಯಲಾಗದು. ಹಾಗಾದರೆ ಈ ಸಂಖ್ಯೆ ಎಲ್ಲಿಂದ ಬರುತ್ತದೆ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಎರಡು ಮೇಲ್ಮೈಗಳ ನಡುವಿನ ಜಾಗ

ಉತ್ತರ ಸರಳವಾದುದು. ತೆಗೆದ ಮಣ್ಣನ್ನು ಅಳೆಯುವುದಿಲ್ಲ, ಮಣ್ಣು ಬಿಟ್ಟುಹೋದ ಜಾಗವನ್ನು ಅಳೆಯುತ್ತಾರೆ. ಕೆಲಸಕ್ಕೆ ಮೊದಲು ಕೆರೆ ಅಂಗಳದ ಏರುತಗ್ಗುಗಳನ್ನು ಅಳೆದು ಒಂದು ಮೇಲ್ಮೈ ರಚಿಸುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಅಳೆದು ಇನ್ನೊಂದನ್ನು ರಚಿಸುತ್ತಾರೆ. ಒಂದರ ಮೇಲೊಂದು ಇಟ್ಟಾಗ ಎರಡರ ನಡುವೆ ಉಳಿಯುವ ಗಾತ್ರವೇ ತೆಗೆದ ಹೂಳು.

ಹಿಂದೆ ಈ ಲೆಕ್ಕವನ್ನು ಅಡ್ಡಸೀಳಿಕೆಗಳಿಂದ ಮಾಡುತ್ತಿದ್ದರು. ಇಂತಿಷ್ಟು ಮೀಟರಿಗೊಂದು ಅಡ್ಡಗೆರೆಯ ಉದ್ದಕ್ಕೂ ಮಟ್ಟ ನೋಡಿ, ಗ್ರಾಫ್ ಕಾಗದದಲ್ಲಿ ಬರೆದು, ಪ್ರತಿ ಸೀಳಿಕೆಯ ಕ್ಷೇತ್ರಫಲ ಕಂಡುಹಿಡಿಯುವುದು. ಅಕ್ಕಪಕ್ಕದ ಎರಡು ಕ್ಷೇತ್ರಫಲಗಳ ಸರಾಸರಿಯನ್ನು ಅವುಗಳ ನಡುವಿನ ದೂರದಿಂದ ಗುಣಿಸುವುದು. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಎರಡು ಸೀಳಿಕೆಗಳ ನಡುವೆ ಇರುವ ಗುಂಡಿಯಾಗಲಿ ದಿಬ್ಬವಾಗಲಿ ಅದರ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ತಂತ್ರಾಂಶಗಳು ಇಡೀ ಮೇಲ್ಮೈಯನ್ನೇ ರಚಿಸುತ್ತವೆ.

ತ್ರಿಕೋನಗಳ ಜಾಲ

ನೆಲದ ಪ್ರತಿಯೊಂದು ಬಿಂದುವನ್ನೂ ಅಳೆಯುವುದು ಸಾಧ್ಯವಿಲ್ಲ. ಆಯ್ದ ಬಿಂದುಗಳನ್ನು ಅಳೆದು ನಡುವಿನ ನೆಲವನ್ನು ಊಹಿಸಬೇಕು. ಯಾವುದೇ ಮೂರು ಬಿಂದುಗಳ ಮೂಲಕ (ಅವು ಒಂದೇ ಸರಳರೇಖೆಯಲ್ಲಿ ಇಲ್ಲದಿದ್ದರೆ) ಒಂದೇ ಒಂದು ಸಮತಲ ಹಾದುಹೋಗುತ್ತದೆ ಎಂಬುದನ್ನು ನೀವು ರೇಖಾಗಣಿತದಲ್ಲಿ ಓದಿದ್ದೀರಿ. ತಂತ್ರಾಂಶ ಇದನ್ನೇ ಬಳಸಿಕೊಂಡು ಬಿಂದುಗಳನ್ನು ಮೂರು ಮೂರಾಗಿ ಜೋಡಿಸುತ್ತದೆ. ಇಡೀ ಕೆರೆ ಅಂಗಳ ಓರೆಯಾದ ಸಣ್ಣ ಸಣ್ಣ ತ್ರಿಕೋನ ಹಲಗೆಗಳ ಹೊದಿಕೆಯಾಗುತ್ತದೆ.

ಯಾವ ಮೂರನ್ನು ಜೋಡಿಸಬೇಕು ಎಂಬುದಕ್ಕೆ ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಪ್ರಕಟಿಸಿದ ನಿಯಮ ನೆರವಾಗುತ್ತದೆ. ತ್ರಿಕೋನದ ಮೂರು ಶೃಂಗಗಳ ಮೂಲಕ ಹಾದುಹೋಗುವ ವೃತ್ತದೊಳಗೆ ಬೇರೆ ಯಾವ ಬಿಂದುವೂ ಇರಬಾರದು. ಇದರಿಂದ ತೀರ ಚೂಪಾದ, ಉದ್ದನೆಯ ತ್ರಿಕೋನಗಳು ಆದಷ್ಟು ಕಡಿಮೆಯಾಗುತ್ತವೆ. ನೆಲವನ್ನು ಅಂಕಿಗಳಲ್ಲಿ ಹಿಡಿದಿಡುವ ಆಲೋಚನೆ ಹುಟ್ಟಿದ್ದೂ ಮಣ್ಣಿನ ಕೆಲಸದ ಸಲುವಾಗಿಯೇ. ಅಮೆರಿಕದ ಎಂಐಟಿಯಲ್ಲಿ ಚಾರ್ಲ್ಸ್ ಮಿಲ್ಲರ್ ಮತ್ತು ಸಂಗಡಿಗರು ಹೆದ್ದಾರಿಗಳ ವಿನ್ಯಾಸಕ್ಕೆಂದು ಇದನ್ನು ರೂಪಿಸಿ 1958ರಲ್ಲಿ ವಿವರಿಸಿದರು. ತ್ರಿಕೋನಗಳಿಂದ ನೆಲವನ್ನು ಅಳೆಯುವುದಂತೂ ಕನ್ನಡ ನಾಡಿಗೆ ಹೊಸದಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರ ರೇಖೆಯೊಂದನ್ನು ಅಳೆದು ಮೈಸೂರು ಸೀಮೆಯಲ್ಲಿ ತ್ರಿಕೋನ ಮಾಪನ ಆರಂಭಿಸಿದ್ದರು.

ತ್ರಿಕೋನ ಸಿಕ್ಕಿತೆಂದರೆ ಗಾತ್ರದ ಲೆಕ್ಕ ಹೈಸ್ಕೂಲಿನ ಗಣಿತವೇ. ಒಂದು ತ್ರಿಕೋನದ ಸಮತಟ್ಟು ಕ್ಷೇತ್ರಫಲ 50 ಚದರ ಮೀಟರ್, ಅದರ ಮೂರು ಮೂಲೆಗಳಲ್ಲಿ ಅಗೆದ ಆಳ 0.9, 1.2 ಮತ್ತು 0.6 ಮೀಟರ್ ಎಂದುಕೊಳ್ಳಿ. ಸರಾಸರಿ ಆಳ 0.9 ಮೀಟರ್, ಗಾತ್ರ 50 × 0.9 = 45 ಘನ ಮೀಟರ್. ಕೆರೆ ಅಂಗಳ 5 ಹೆಕ್ಟೇರ್ ಆಗಿದ್ದರೆ ಇಂಥ 1,000 ತ್ರಿಕೋನಗಳಿರುತ್ತವೆ. ಎಲ್ಲವನ್ನೂ ಕೂಡಿದರೆ ಒಟ್ಟು ಗಾತ್ರ. ಸರಾಸರಿ ಆಳ ಎಲ್ಲ ಕಡೆಯೂ ಇಷ್ಟೇ ಇದ್ದರೆ ಅದು 45,000 ಘನ ಮೀಟರ್.

ಈ ಕೂಡುವ ಕೆಲಸದಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ. ತಪ್ಪಲು ಅವಕಾಶವಿರುವುದು ಅದಕ್ಕಿಂತ ಮೊದಲಿನ ಹಂತದಲ್ಲಿ, ಅಂದರೆ ಯಾವ ದತ್ತಾಂಶದಿಂದ ಮೇಲ್ಮೈ ರಚಿಸಬೇಕು ಎಂದು ನಾವು ಹೇಳಿಕೊಡುವಲ್ಲಿ. ಈ ದತ್ತಾಂಶ ತಂತ್ರಾಂಶದೊಳಗೆ ಪದರ ಪದರವಾಗಿ ಜೋಡಣೆಯಾಗಿರುತ್ತದೆ.

ಪದರ ಎಂದರೇನು?

ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಭಾವಿಸಿ. ಒಂದು ಹಾಳೆಯಲ್ಲಿ ಮಟ್ಟದ ಬಿಂದುಗಳು, ಇನ್ನೊಂದರಲ್ಲಿ ಕೆರೆ ಏರಿಯ ಗೆರೆಗಳು, ಮತ್ತೊಂದರಲ್ಲಿ ಸರ್ವೆ ನಂಬರುಗಳು. ಬೇಕಾದ ಹಾಳೆಯನ್ನು ಇಟ್ಟುಕೊಂಡು ಬೇಡದ್ದನ್ನು ಮರೆಮಾಡಬಹುದು. ಆದರೆ ಕಣ್ಣಿಗೆ ಕಾಣುವುದು ಬೇರೆ, ಲೆಕ್ಕಕ್ಕೆ ಸೇರುವುದು ಬೇರೆ. ಪರದೆಯ ಮೇಲೆ ಚಂದವಾಗಿ ಕಾಣುವ ಪದರವೊಂದು ಮೇಲ್ಮೈ ರಚನೆಗೆ ಸೇರಬಾರದ್ದಾಗಿರಬಹುದು. ಸೇರಲೇಬೇಕಾದ ಪದರ ಹೊರಗೇ ಉಳಿದಿರಬಹುದು. ಮುಖ್ಯವಾದ ಪದರಗಳನ್ನು ಒಂದೊಂದಾಗಿ ನೋಡೋಣ.

ಬಿಂದು ಪದರ. ಟೋಟಲ್ ಸ್ಟೇಷನ್ ಅಥವಾ ಉಪಗ್ರಹ ಆಧಾರಿತ ಉಪಕರಣದಿಂದ ಅಳೆದ ಬಿಂದುಗಳಿವು. ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳು – ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಎತ್ತರ ಎಷ್ಟು – ಜೊತೆಗೆ ಅದು ಏನೆಂದು ತಿಳಿಸುವ ಒಂದು ಸಂಕೇತ: ಅಂಗಳ, ಏರಿಯ ಬುಡ, ತೂಬು, ಕೋಡಿ ಇತ್ಯಾದಿ. ಸಂಕೇತ ಬರೆಯದೆ ಬಂದ ಬಿಂದು ಹೆಸರಿಲ್ಲದ ಡಬ್ಬಿಯಂತೆ. ಕಚೇರಿಯಲ್ಲಿ ಕುಳಿತವರಿಗೆ ಅದು ನೆಲದ ಮಟ್ಟವೋ ತೂಬಿನ ಕಲ್ಲಿನ ತಲೆಯೋ ತಿಳಿಯುವುದಿಲ್ಲ.

ಬ್ರೇಕ್‌ಲೈನ್ ಪದರ. ನೆಲದ ಇಳಿಜಾರು ಥಟ್ಟನೆ ಬದಲಾಗುವ ಗೆರೆಗಳಿವು, ‘ಮಡಿಕೆಗೆರೆ’ ಎನ್ನಬಹುದು. ಏರಿಯ ನೆತ್ತಿಯ ಎರಡು ಅಂಚುಗಳು, ಏರಿಯ ಬುಡ, ಕಾಲುವೆಯ ದಡ ಮತ್ತು ತಳ – ಇವೆಲ್ಲ ಮಡಿಕೆಗೆರೆಗಳು. ಯಾವ ತ್ರಿಕೋನವೂ ಈ ಗೆರೆಯನ್ನು ದಾಟಬಾರದೆಂದು ತಂತ್ರಾಂಶಕ್ಕೆ ಹೇಳುವ ಪದರ ಇದು.

ಇದು ಇಲ್ಲದಿದ್ದರೆ ಏನಾಗುತ್ತದೆ? 3 ಮೀಟರ್ ಎತ್ತರ, ನೆತ್ತಿಯಲ್ಲಿ 3 ಮೀಟರ್ ಅಗಲ, ಎರಡೂ ಬದಿಗೆ 2ಕ್ಕೆ 1ರ ಇಳಿಜಾರು ಇರುವ ಏರಿಯನ್ನು ತೆಗೆದುಕೊಳ್ಳಿ. ಬುಡದ ಅಗಲ 15 ಮೀಟರ್. ಅಡ್ಡಸೀಳಿಕೆಯ ಕ್ಷೇತ್ರಫಲ (3 + 15) ÷ 2 × 3 = 27 ಚದರ ಮೀಟರ್. ಅಳೆಯುವವರು ನೆತ್ತಿಯ ನಡುಗೆರೆಯಲ್ಲಿ ಒಂದು, ಎರಡು ಬುಡಗಳಲ್ಲಿ ಒಂದೊಂದು ಬಿಂದು ಮಾತ್ರ ಹಿಡಿದರೆ ತಂತ್ರಾಂಶಕ್ಕೆ ಏರಿ ಗುಡಾರದಂತೆ ಕಾಣುತ್ತದೆ. ಆಗ ಕ್ಷೇತ್ರಫಲ 15 × 3 ÷ 2 = 22.5 ಚದರ ಮೀಟರ್. ಏರಿ 400 ಮೀಟರ್ ಉದ್ದವಿದ್ದರೆ 1,800 ಘನ ಮೀಟರ್ ಮಣ್ಣು ಲೆಕ್ಕದಿಂದ ಮಾಯ.

ಇನ್ನೂ ಒಂದು ತೊಂದರೆ ಇದೆ. ನೆತ್ತಿಯಲ್ಲಿ 40 ಮೀಟರಿಗೊಂದು, ಬುಡದಲ್ಲಿ 10 ಮೀಟರಿಗೊಂದು ಬಿಂದು ಹಿಡಿದಿದ್ದಾರೆನ್ನಿ. ಎರಡು ನೆತ್ತಿ ಬಿಂದುಗಳ ನಡುವೆ ಈ ಬುಡಕ್ಕೆ ಹತ್ತಿರವಿರುವುದು ಆ ಬುಡದ ಬಿಂದುವೇ. ಡೆಲೋನೆ ನಿಯಮದಂತೆ ತಂತ್ರಾಂಶ ಅವೆರಡನ್ನೂ ನೇರವಾಗಿ ಜೋಡಿಸಿಬಿಡುತ್ತದೆ. ಗಟ್ಟಿಮುಟ್ಟಾದ ಏರಿ ಪರದೆಯ ಮೇಲೆ ಅಲ್ಲಲ್ಲಿ ಒಡೆದಂತೆ ತೋರುತ್ತದೆ. ಕಂಪ್ಯೂಟರಿಗೆ ಏರಿ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಂದುಗಳು ಮಾತ್ರ.

ಗಡಿ ಪದರ. ಮೇಲ್ಮೈ ಎಲ್ಲಿ ಕೊನೆಯಾಗಬೇಕು ಎಂದು ಹೇಳುವ ಪದರ. ನಮ್ಮ ಕೆರೆಗಳಲ್ಲಿ ಅನೇಕವು ಬಿದಿಗೆ ಚಂದ್ರನಂತೆ ಬಾಗಿರುತ್ತವೆ. ಗಡಿ ಕೊಡದಿದ್ದರೆ ತಂತ್ರಾಂಶ ಎರಡು ತುದಿಗಳ ಬಿಂದುಗಳನ್ನು ಜೋಡಿಸಿ, ನಡುವಿನ ಹೊಲವನ್ನೂ ಕೆರೆಗೆ ಸೇರಿಸಿಬಿಡುತ್ತದೆ. ಒಳಗಡಿಯೂ ಉಂಟು. ಅಂಗಳದ ನಡುವೆ ಅಗೆಯದೆ ಬಿಟ್ಟ ಮಂಟಪವೋ ನೀರು ನಿಂತ ಗುಂಡಿಯೋ ಇದ್ದರೆ ಆ ಭಾಗವನ್ನು ಲೆಕ್ಕದಿಂದ ಬಿಡಿಸಬೇಕು.

ಎತ್ತರವಿಲ್ಲದ ಪದರಗಳು. ಗ್ರಾಮ ನಕ್ಷೆ, ಸರ್ವೆ ನಂಬರಿನ ಗೆರೆ, ವೈಮಾನಿಕ ಚಿತ್ರ, ಹೆಸರುಗಳು – ಇವು ಗುರುತಿಗಾಗಿ ಬೇಕು. ಆದರೆ ಇವುಗಳಲ್ಲಿ ಎತ್ತರದ ಮಾಹಿತಿ ಇಲ್ಲ. ತಂತ್ರಾಂಶ ಅದನ್ನು ಸೊನ್ನೆ ಎಂದು ಓದುತ್ತದೆ. ಗುಂಡ್ಲುಪೇಟೆಯ ನೆಲ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸರ್ವೆ ಕಲ್ಲಿನ ಒಂದೇ ಒಂದು ಗುರುತು ಅಪ್ಪಿತಪ್ಪಿ ಮೇಲ್ಮೈಗೆ ಸೇರಿತೆಂದರೆ ಅಲ್ಲಿ 800 ಮೀಟರ್ ಆಳದ ಬಾವಿ ಹುಟ್ಟುತ್ತದೆ. ಸುತ್ತಲಿನ ತ್ರಿಕೋನಗಳು 300 ಚದರ ಮೀಟರ್ ಆವರಿಸಿದ್ದರೆ ಆ ಬಾವಿಯ ಗಾತ್ರ ⅓ × 300 × 800 = 80,000 ಘನ ಮೀಟರ್. ನಮ್ಮ ಉದಾಹರಣೆಯ ಕೆರೆಯ ಇಡೀ ಹೂಳಿಗಿಂತ ಹೆಚ್ಚು!

ಸಮೋನ್ನತಿ ರೇಖೆಗಳ ಪದರ. ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಈ ರೇಖೆಗಳನ್ನು ಭೂಗೋಳ ಪಾಠದಲ್ಲಿ ನೋಡಿದ್ದೀರಿ. ತಂತ್ರಾಂಶ ಇವುಗಳನ್ನು ಮೇಲ್ಮೈಯಿಂದ ತಾನೇ ಬರೆಯುತ್ತದೆ. ಹೀಗೆ ಬರೆದದ್ದನ್ನೇ ಮತ್ತೆ ದತ್ತಾಂಶವಾಗಿ ಬಳಸಿದರೆ ಮೂಲದಲ್ಲಿದ್ದ ವಿವರ ಕಳೆದುಹೋಗುತ್ತದೆ. ರೇಖೆ ಬಾಗಿರುವ ಕಡೆ ಮೂರು ಶೃಂಗಗಳೂ ಒಂದೇ ರೇಖೆಯ ಮೇಲೆ ಬಿದ್ದು ತ್ರಿಕೋನ ಪೂರ್ತಿ ಚಪ್ಪಟೆಯಾಗುತ್ತದೆ. ಹೀಗಾಗಿ ತಗ್ಗಿನ ತಳ, ದಿಬ್ಬದ ತಲೆ ಎರಡೂ ಸವೆದುಹೋಗುತ್ತವೆ.

ಹೂಳಿನ ಕೆಳಗಿನ ನೆಲ

ಇದುವರೆಗೆ ನೋಡಿದ್ದು ಮೇಲಿನಿಂದ ಕಾಣುವ ನೆಲ. ಹೂಳಿನ ಅಡಿಯಲ್ಲಿ ಕೆರೆ ಕಟ್ಟಿದ ಕಾಲದ ಮೂಲ ತಳವಿರುತ್ತದೆ. ಅಲ್ಲಲ್ಲಿ ಪರೀಕ್ಷಾ ಗುಂಡಿ ತೋಡಿ, ಎಷ್ಟು ಆಳದಲ್ಲಿ ಮೆತ್ತನೆಯ ಗೋಡು ಮುಗಿದು ಗಟ್ಟಿ ನೆಲ ಸಿಗುತ್ತದೆಂದು ಗುರುತಿಸಿ, ಆ ಮಟ್ಟಗಳಿಂದ ಇನ್ನೊಂದು ಮೇಲ್ಮೈ ರಚಿಸಬಹುದು. ಆಗ ಒಂದೇ ಕಡತದಲ್ಲಿ ನಾಲ್ಕು ಮೇಲ್ಮೈಗಳಾಗುತ್ತವೆ: ಇಂದಿನ ತಳ, ಮೂಲ ತಳ, ಅಗೆಯಬೇಕಾದ ವಿನ್ಯಾಸ, ಅಗೆದ ಮೇಲಿನ ತಳ.

ಮೂಲ ತಳದ ಪದರ ಏಕೆ ಬೇಕು? ಇಂದಿನ ತಳಕ್ಕೂ ಅದಕ್ಕೂ ಇರುವ ಅಂತರವೇ ನಿಜವಾದ ಹೂಳು. ಅದಕ್ಕಿಂತ ಕೆಳಗೆ ಅಗೆದದ್ದು ಹೂಳಲ್ಲ, ನೆಲ. ನೀರನ್ನು ಹಿಡಿದಿಡುವ ಜೇಡಿ ಪದರವನ್ನು ಕೊರೆದುಹಾಕಿದರೆ ಕೆರೆಯಲ್ಲಿ ನೀರು ನಿಲ್ಲದೆ ಬೇಗ ಇಂಗಿಹೋಗಬಹುದು.

ಇದರ ಜೊತೆ ಎರಡು ಸಮತಟ್ಟು ತಲಗಳನ್ನೂ ಎಳೆಯಬೇಕು. ಒಂದು ಕೋಡಿಯ ಮಟ್ಟ, ಇನ್ನೊಂದು ತೂಬಿನ ಮಟ್ಟ. ಕೋಡಿಯ ಮಟ್ಟಕ್ಕೂ ಕೆರೆಯ ತಳಕ್ಕೂ ನಡುವಿನ ಗಾತ್ರವೇ ಕೆರೆಯ ಒಟ್ಟು ಸಾಮರ್ಥ್ಯ. ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ತಾನಾಗಿ ಅಚ್ಚುಕಟ್ಟಿಗೆ ಹರಿಯದು. ಅದು ದನಕರುಗಳಿಗೆ, ಅಂತರ್ಜಲಕ್ಕೆ. ಎರಡೂ ಬೇಕಾದವೇ. ಆದರೆ ತೆಗೆದ 45,000 ಘನ ಮೀಟರಿನಲ್ಲಿ ತೂಬಿನ ಮೇಲಿನದೆಷ್ಟು, ಕೆಳಗಿನದೆಷ್ಟು ಎಂದು ಬೇರ್ಪಡಿಸಿ ಹೇಳಿದರೆ ಮಾತ್ರ ಅಚ್ಚುಕಟ್ಟಿನ ರೈತನಿಗೆ ಆ ಸಂಖ್ಯೆಯಿಂದ ಉಪಯೋಗ.

ಅಗೆತ, ತುಂಬು, ನಿವ್ವಳ

ಎರಡು ಮೇಲ್ಮೈಗಳನ್ನು ಹೋಲಿಸಿದಾಗ ತಂತ್ರಾಂಶ ಮೂರು ಸಂಖ್ಯೆ ಕೊಡುತ್ತದೆ. ನೆಲ ತಗ್ಗಿದ ಕಡೆ ‘ಅಗೆತ’, ನೆಲ ಏರಿದ ಕಡೆ ‘ತುಂಬು’, ಇವೆರಡರ ವ್ಯತ್ಯಾಸ ‘ನಿವ್ವಳ’. ಅಗೆತ 45,000 ಘನ ಮೀಟರ್, ಆದರೆ ತೆಗೆದ ಮಣ್ಣಿನಲ್ಲಿ ಒಂದಷ್ಟನ್ನು ಕೋಡಿ ಮಟ್ಟದೊಳಗೇ ದಡದಲ್ಲಿ ಗುಡ್ಡೆ ಹಾಕಿದ್ದರಿಂದ ತುಂಬು 12,000 ಎಂದಿಟ್ಟುಕೊಳ್ಳಿ. ಕೆರೆಗೆ ದೊರೆತ ಹೊಸ ಜಾಗ 33,000 ಘನ ಮೀಟರ್ ಮಾತ್ರ. ಅಗೆದ ಕೆಲಸಕ್ಕೆ ಕೂಲಿ ಅಗೆತದ ಲೆಕ್ಕದಲ್ಲಿ, ನೀರು ನಿಲ್ಲುವುದು ನಿವ್ವಳದ ಲೆಕ್ಕದಲ್ಲಿ. ಒಂದು ಸಂಖ್ಯೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಸುಳ್ಳು ಹೇಳಿದಂತಾಗದು, ಆದರೆ ನಿಜ ಪೂರ್ತಿ ತಿಳಿಯದು.

ಇನ್ನೊಂದು ಎಚ್ಚರ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಸಾಧಾರಣ ಮಣ್ಣಿನಲ್ಲಿ ಈ ಉಬ್ಬು ಶೇಕಡ 20ರಿಂದ 30ರಷ್ಟು. ತಂತ್ರಾಂಶ ಹೇಳುವುದು ನೆಲದಲ್ಲಿದ್ದಾಗಿನ ಗಾತ್ರ. ಟ್ರ್ಯಾಕ್ಟರ್ ಲೋಡು ಎಣಿಸಿ ಬಂದ ಗಾತ್ರ ಅದಕ್ಕಿಂತ ಹೆಚ್ಚಾಗಿರುತ್ತದೆ. ಎರಡನ್ನೂ ಹೋಲಿಸುವಾಗ ಇದನ್ನು ಮರೆಯಬಾರದು.

ಕೂಗಿ ಹೇಳುವ ತಪ್ಪು, ಸುಮ್ಮನಿರುವ ತಪ್ಪು

800 ಮೀಟರ್ ಆಳದ ಬಾವಿ ಯಾರ ಕಣ್ಣಿಗೂ ಬೀಳುತ್ತದೆ. ಉಪಗ್ರಹ ಉಪಕರಣದ ಎತ್ತರದ್ದೂ ಹೀಗೆಯೇ. ಅದು ಭೂಮಿಯನ್ನು ಒಂದು ಆದರ್ಶ ದೀರ್ಘವೃತ್ತಾಭವೆಂದು ಭಾವಿಸಿ ಎತ್ತರ ಹೇಳುತ್ತದೆ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟದ ತಲ ಅದಕ್ಕಿಂತ ಕೆಳಗಿದೆ. ನಮ್ಮ ಕಡೆ ಈ ಅಂತರ ಸುಮಾರು 90 ಮೀಟರ್. ಮೊದಲ ಅಳತೆ ಒಂದು ಪದ್ಧತಿಯಲ್ಲಿ, ಎರಡನೆಯದು ಇನ್ನೊಂದರಲ್ಲಿ ಇದ್ದರೆ ಕೆರೆಯನ್ನು 90 ಮೀಟರ್ ಅಗೆದಂತೆ ಕಾಣುತ್ತದೆ. ಇಂಥ ತಪ್ಪು ತಾನೇ ಕೂಗಿ ಹೇಳುತ್ತದೆ.

ಅಪಾಯವಿರುವುದು ಸಣ್ಣ ತಪ್ಪಿನಲ್ಲಿ. ಎರಡು ಅಳತೆಗಳಿಗೂ ಒಂದೇ ಸ್ಥಿರ ಗುರುತು ಬಳಸದೆ, ಮಟ್ಟದಲ್ಲಿ ಬರೀ 10 ಸೆಂಟಿಮೀಟರ್ ವ್ಯತ್ಯಾಸ ಬಂದಿತೆನ್ನಿ. ನಕ್ಷೆ ನೋಡಿದರೆ ಏನೂ ತಿಳಿಯದು. ಆದರೆ 5 ಹೆಕ್ಟೇರಿಗೆ ಅದು 50,000 × 0.1 = 5,000 ಘನ ಮೀಟರ್. ಉಬ್ಬು ಸೇರಿಸಿ, ಲೋಡಿಗೆ 3 ಘನ ಮೀಟರ್ ಎಂದು ಹಿಡಿದರೆ ಸುಮಾರು 2,000 ಟ್ರ್ಯಾಕ್ಟರ್ ಲೋಡು ಮಣ್ಣು! ತೆಗೆಯದ ಮಣ್ಣು ತೆಗೆದಂತೆ, ಅಥವಾ ತೆಗೆದದ್ದು ತೆಗೆಯದಂತೆ. ಆದ್ದರಿಂದಲೇ ಕೋಡಿಯ ಕಲ್ಲಿನಂಥ ಅಲುಗಾಡದ ಜಾಗದಲ್ಲಿ ಗುರುತು ಮಾಡಿ, ಎರಡು ಸಲವೂ ಅಲ್ಲಿಂದಲೇ ಮಟ್ಟ ಹಿಡಿಯಬೇಕು. ಅಗೆಯದ ಜಾಗದ ಕೆಲವು ಬಿಂದುಗಳನ್ನೂ ಎರಡು ಸಲ ಅಳೆಯಬೇಕು. ಅಲ್ಲಿ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲಿ ಬಂದರೆ ಮಾತ್ರ ಉಳಿದ ಲೆಕ್ಕಕ್ಕೆ ಬೆಲೆ.

ಆಕಾಶದಿಂದ ಬರುವ ಪದರಗಳು

ಉಪಗ್ರಹ ಚಿತ್ರದಿಂದಲೇ ಅಳೆಯಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದ ಎಂಡೆವರ್ ನೌಕೆ 2000ದ ಫೆಬ್ರವರಿಯಲ್ಲಿ ರೇಡಾರಿನಿಂದ ಅಳೆದ ಎತ್ತರದ ದತ್ತಾಂಶ, ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1ರ ಚಿತ್ರಗಳಿಂದ ರಚಿಸಿದ ದತ್ತಾಂಶ – ಎರಡೂ ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಸುಮಾರು 30 ಮೀಟರ್ ಚದರಕ್ಕೆ ಒಂದೇ ಎತ್ತರ. 5 ಹೆಕ್ಟೇರ್ ಕೆರೆಗೆ 55ರಷ್ಟು ಸಂಖ್ಯೆಗಳು ಮಾತ್ರ. ಪ್ರತಿಯೊಂದರಲ್ಲೂ ಕೆಲವು ಮೀಟರ್ ಹೆಚ್ಚುಕಡಿಮೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ಇಡೀ ಕೆರೆ ಎರಡು ರೇಖೆಗಳ ನಡುವೆ ಅಡಗಿಬಿಡಬಹುದು. ಕೆರೆಗೆ ನೀರು ಎಲ್ಲಿಂದ ಬರುತ್ತದೆಂದು ತಿಳಿಯಲು ಇವು ಚೆನ್ನ. ಒಂದು ಮೀಟರ್ ಹೂಳನ್ನು ಅಳೆಯಲು ಇವು ಸಾಲವು.

ಡ್ರೋನ್ ಚಿತ್ರಗಳಿಂದ ಸೆಂಟಿಮೀಟರುಗಳ ವಿವರ ಸಿಗುತ್ತದೆ. ಆದರೆ ಕ್ಯಾಮೆರಾ ತನಗೆ ಕಂಡದ್ದನ್ನು ಮಾತ್ರ ಅಳೆಯುತ್ತದೆ. ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದ್ದರೆ ಅದು ಹೇಳುವುದು ಜಾಲಿಯ ನೆತ್ತಿಯನ್ನು. ಜಾಲಿ ಕಡಿಯುವ ಮೊದಲು ಒಂದು ಸಲ, ಅಗೆದ ಮೇಲೆ ಒಂದು ಸಲ ಹಾರಿಸಿದರೆ ಗಿಡದ ಎತ್ತರವೂ ಹೂಳಿನ ಲೆಕ್ಕಕ್ಕೆ ಸೇರುತ್ತದೆ. ನೀರಿದ್ದರೆ ನೀರಿನ ಮೇಲ್ಮೈಯೇ ತಳವಾಗುತ್ತದೆ. ಹೀಗಾಗಿ ಮೊದಲು ಗಿಡಗಂಟಿ ತೆಗೆಸಿ, ಕೆರೆ ಒಣಗಿದ್ದಾಗ, ನೆಲದ ಮೇಲೆ ಅಳೆದ ಗುರುತುಗಳನ್ನು ಇಟ್ಟುಕೊಂಡೇ ಡ್ರೋನ್ ಹಾರಿಸಬೇಕು.

ಕೆರೆಯ ಆಚೆಗೂ

ಈ ಪದರಗಳು ಕೆರೆಗೆ ಮಾತ್ರ ಸೀಮಿತವಲ್ಲ. ರಸ್ತೆಯ ಏರು ತಗ್ಗಿಸುವಾಗ, ಕಟ್ಟಡದ ನೆಲ ಮಟ್ಟ ಮಾಡುವಾಗ, ಕಲ್ಲು ಗಣಿಯಲ್ಲಿ ತೆಗೆದ ಕಲ್ಲಿಗೆ ರಾಜಧನ ಲೆಕ್ಕ ಹಾಕುವಾಗ ಇದೇ ವಿಧಾನ. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ 2022ರ ಮಾರ್ಚ್ 4ರಂದು ಬಿಳಿಕಲ್ಲು ಗಣಿಯ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಗಣಿಯ ಗೋಡೆ ಎಷ್ಟು ಕಡಿದಾಗಿದೆ, ಮೆಟ್ಟಿಲುಗಳು ಎಷ್ಟು ಅಗಲವಿವೆ ಎಂಬುದನ್ನು ಇಂಥ ಮೇಲ್ಮೈಯಿಂದ ಪರಿಶೀಲಿಸಬಹುದು. ಆದರೆ ಮೆಟ್ಟಿಲಂಚಿನ ಮಡಿಕೆಗೆರೆಗಳನ್ನು ಬಿಟ್ಟು ರಚಿಸಿದ ಮೇಲ್ಮೈಯಲ್ಲಿ ನೆಟ್ಟಗಿನ ಗೋಡೆಯೂ ನಯವಾದ ಇಳಿಜಾರಿನಂತೆ ಕಾಣುತ್ತದೆ. ಇಲ್ಲಿ ಪದರವೊಂದು ತಪ್ಪಿದರೆ ತಪ್ಪುವುದು ಹಣದ ಲೆಕ್ಕ ಮಾತ್ರವಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಶಾಲೆಯ ಬಳಿ ಏರುತಗ್ಗಾದ 8 ಮೀಟರ್ ಚೌಕದ ಜಾಗ ಆರಿಸಿ. 2 ಮೀಟರಿಗೊಂದರಂತೆ ಗೂಟ ನೆಟ್ಟರೆ 25 ಬಿಂದುಗಳಾಗುತ್ತವೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಪ್ರತಿ ಬಿಂದುವಿನ ಮಟ್ಟವನ್ನು ಒಂದು ಸ್ಥಿರ ಗುರುತಿಗೆ ಹೋಲಿಸಿ ಬರೆದುಕೊಳ್ಳಿ. ಒಂದು ಪಾರದರ್ಶಕ ಹಾಳೆಯಲ್ಲಿ ಬಿಂದುಗಳು, ಎರಡನೆಯದರಲ್ಲಿ ಗುಂಡಿಯ ಅಂಚು, ಮೂರನೆಯದರಲ್ಲಿ ಗಡಿ, ನಾಲ್ಕನೆಯದರಲ್ಲಿ ತ್ರಿಕೋನಗಳನ್ನು ಬರೆಯಿರಿ. 16 ಚೌಕಗಳಿಗೆ ಕರ್ಣ ಎಳೆದರೆ 2 ಚದರ ಮೀಟರಿನ 32 ತ್ರಿಕೋನಗಳು. ಗುರುತಿನ ಮಟ್ಟದಿಂದ ನೆಲದವರೆಗಿನ ಗಾತ್ರ ಕಂಡುಹಿಡಿಯಿರಿ.

ಈಗ ಒಂದು ಬಿಟ್ಟು ಒಂದರಂತೆ 9 ಬಿಂದುಗಳನ್ನು ಮಾತ್ರ ಇಟ್ಟುಕೊಂಡು, 8 ಚದರ ಮೀಟರಿನ 8 ತ್ರಿಕೋನಗಳಿಂದ ಅದೇ ಗಾತ್ರವನ್ನು ಮತ್ತೆ ಲೆಕ್ಕ ಹಾಕಿ. ಕರ್ಣವನ್ನು ಇನ್ನೊಂದು ದಿಕ್ಕಿಗೆ ಎಳೆದೂ ನೋಡಿ. ನೆಲ ಒಂದೇ, ಉತ್ತರಗಳು ಬೇರೆ ಬೇರೆ! ಏಕೆಂದು ವಿದ್ಯಾರ್ಥಿಗಳೇ ಚರ್ಚಿಸಲಿ. ಕಂಪ್ಯೂಟರ್ ಇರುವ ಶಾಲೆಯಲ್ಲಿ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಇದೇ ಬಿಂದುಗಳಿಂದ ತ್ರಿಕೋನ ಮೇಲ್ಮೈ ರಚಿಸಬಹುದು.

ಊರಿನ ಕೆರೆಯ ಮೇಲೂ ಈ ಗಣಿತವನ್ನು ಪ್ರಯೋಗಿಸಿ. 2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಅಭಿಯಾನದಲ್ಲಿ ಜಿಲ್ಲೆಗೆ 75 ಕೆರೆಗಳ ಗುರಿಯಿತ್ತು. ಪ್ರತಿಯೊಂದೂ ಕನಿಷ್ಠ 1 ಎಕರೆ ವಿಸ್ತಾರ, ಸುಮಾರು 10,000 ಘನ ಮೀಟರ್ ಸಾಮರ್ಥ್ಯ ಹೊಂದಿರಬೇಕಿತ್ತು. 1 ಎಕರೆ ಎಂದರೆ 4,047 ಚದರ ಮೀಟರ್. ಹಾಗಾದರೆ ಸರಾಸರಿ ಆಳ ಸುಮಾರು 2.5 ಮೀಟರ್ ಬೇಕು. ದಡಗಳು ಇಳಿಜಾರಾಗಿರುವುದರಿಂದ ನಡುವೆ ಇನ್ನೂ ಆಳ ಬೇಕು. ನಿಮ್ಮ ಊರಿನ ಕೆರೆಯಲ್ಲಿ ಅಷ್ಟಿದೆಯೇ? ಹಗ್ಗ, ಕೋಲು, ಕೊಳವೆ ಇದ್ದರೆ ಎಂಟನೆಯ ತರಗತಿಯ ಮಕ್ಕಳೂ ಉತ್ತರ ಕೊಡಬಲ್ಲರು. ಆದರೆ ಅಳತೆಗೆ ಹೋಗುವುದು ಕೆರೆ ಪೂರ್ತಿ ಒಣಗಿರುವಾಗ, ಶಿಕ್ಷಕರ ಜೊತೆಯಲ್ಲೇ ಆಗಲಿ.

ಕೊನೆಯದಾಗಿ, ಮಣ್ಣಿನ ಲೆಕ್ಕದ ಯಾವ ಸಂಖ್ಯೆ ಎದುರಾದರೂ ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸವಿರಲಿ. ಯಾವ ಎರಡು ಮೇಲ್ಮೈಗಳ ನಡುವಿನದು? ಎರಡಕ್ಕೂ ಸ್ಥಿರ ಗುರುತು ಒಂದೇ ಆಗಿತ್ತೇ? ಏರಿ, ಕಾಲುವೆ, ಗಡಿಗಳ ಪದರ ಸೇರಿತ್ತೇ? ಹೇಳುತ್ತಿರುವುದು ಅಗೆತವೋ ನಿವ್ವಳವೋ? ಇವಕ್ಕೆ ಉತ್ತರ ಸಿಕ್ಕಿದರೆ ಹೂಳಿನ ಸಂಖ್ಯೆಯನ್ನು ನೀರಿನ ಸಂಖ್ಯೆಯಾಗಿ ಓದಬಹುದು.